ಜಿಪ್ಪಿಗೆ ನೇತ ಚೀಟಿ

ಉಪ್ಪಳ ಬಸ್‌ಸ್ಟ್ಯಾಂಡಿನ ಎದುರು ಅಂದುಂಞಿಯ ಟಾರ್ಪಾಲಿನ ಮೇಲೆ
ಯಾವುದೋ ದೇಶದ ಚಳಿ ರಾಶಿ ಬಿದ್ದಿತ್ತು.
ಒಂದಕ್ಕೆ ನೂರೆಂಬತ್ತು, ಚರ್ಚೆ ಇಲ್ಲ.
ಉಗ್ಗಪ್ಪಣ್ಣ ಆರಿಸಿದ್ದು ಕಿತ್ತಳೆ ಬಣ್ಣದ್ದು:
ಒಳಗೆ ಬಾತುಕೋಳಿಯ ಪುಕ್ಕ,
ಕಂಕುಳಿಗೆ ಗಾಳಿಯಾಡಲು ಬೇರೆಯೇ ಜಿಪ್ಪು.
ಹೊರಗೆ ಧಗಧಗ ಬಿಸಿಲು. ಮೀನಿನ ಹೆಂಗಸರು ಬುಟ್ಟಿ ಇಳಿಸಿ
"ಎಂಥದು ಮಾರಾಯ, ಹಿಮಾಲಯಕ್ಕಾ?" ಅಂದರು.

ಅಲ್ಲ, ಮಂಜೇಶ್ವರ ಬಂದರಿನ ಐಸ್ ಪ್ಲಾಂಟಿಗೆ.
ಅಲ್ಲಿ ನಾನು ಚೀಟಿ ಬರೆಯುವವಳು.
ಗಾಜಿನ ಈಚೆ ನನ್ನ ಫ್ಯಾನು, ಆಚೆ ಅವರ ಮಾಗಿ.
ಉಪ್ಪುನೀರ ತೊಟ್ಟಿಯಿಂದ ಡಬ್ಬಗಳು ಏಳುತ್ತವೆ,
ಐವತ್ತು ಕಿಲೋದ ಬ್ಲಾಕು ಮರದ ಇಳಿಜಾರಿನಲ್ಲಿ
ಸುಂಯ್ಯೆಂದು ಜಾರಿ ಕ್ರಷರಿನ ಬಾಯಿಗೆ.
ಇಪ್ಪತ್ತೆರಡು ವರ್ಷ ಗೋಣಿ ಹೊದ್ದವನು
ಆ ದಿನ ಮೊದಲ ಬಾರಿ ಬೆವರಿದ.

ಜಿಪ್ಪಿಗೆ ತಂತಿಯಲ್ಲೊಂದು ಚೀಟಿ ನೇತಾಡುತ್ತಿತ್ತು,
ನಮಗೆ ಬಾರದ ಅಕ್ಷರ, ಅಂಗೈಯಗಲದ ಬೆಟ್ಟ.
ಕತ್ತರಿಸಿ ಬಿಸಾಡು ಅಂದೆ.
"ಬೇಡ, ಯಾರಾದರೂ ಕೇಳಿದರೆ?"

ವಾರದೊಳಗೆ ಪ್ಲಾಂಟಿನ ನಾಲ್ವರು ಉಪ್ಪಳಕ್ಕೆ ಹೋಗಿ ಬಂದರು.
ಅಂದುಂಞಿ ಈಗ ಮುನ್ನೂರೈವತ್ತು ಅಂತಾನಂತೆ.
"ನಾನು ಹಾಕಿಯೇ ರೇಟು ಕೆಟ್ಟದ್ದು" ಎಂದ ಉಗ್ಗಪ್ಪಣ್ಣ,
ಸಿಟ್ಟೋ, ಜಂಭವೋ.

ಕೊನೆಗೆ ಆ ಬೆಟ್ಟದ ಗುರುತು ಹಿಡಿದವನು
ಮೀನಿನ ಲಾರಿಯ ಕ್ಲೀನರ್, ದರ್ಬಾನ್.
ಔಲಿಯ ಕೆಳಗಿನ ಹಳ್ಳಿಯವನು, ಹಿಮದ ಊರು.
ನನ್ನ ಶಾಲೆಯ ಹಿಂದಿ ನಡುವೆ ನಿಂತಿತು:
ಇದು ಬೆಟ್ಟ ಹತ್ತಿಸುವ ಟಿಕೇಟು,
ಇಳಿಯುವುದು ನಾವೇ, ಕಾಲಿಗೆ ಹಲಗೆ ಕಟ್ಟಿಕೊಂಡು.
"ಇಳಿಯಲಿಕ್ಕೆ ದುಡ್ಡು ಕೊಟ್ಟು ಹತ್ತುವುದಾ!"
ಉಗ್ಗಪ್ಪಣ್ಣನ ನಗು ತೊಟ್ಟಿಯಲ್ಲೆಲ್ಲ ಮೊಳಗಿತು.

ದರ್ಬಾನ್ ಬೆರಳು ಮಡಚಿದ.
ಹಲಗೆ ಜೋಡಿ ಐವತ್ತು ಸಾವಿರ. ಬೂಟು ಮೂವತ್ತು.
ಕನ್ನಡಕ, ಬರೇ ಕನ್ನಡಕ, ಎಂಟು. ಕೈಗವಸು ಎರಡು.
ನಮ್ಮ ಬ್ಲಾಕು ನೂರಿಪ್ಪತ್ತು;
ಚೀಟಿಯ ಹಿಂದೆ ಭಾಗಿಸಿ ನೋಡಿದೆ,
ಏಳುನೂರೈವತ್ತು ಬ್ಲಾಕು ಒಬ್ಬನ ಮೈಮೇಲೆ.

ಅಂಥವರು ಬಂದರೆ ನಿಮ್ಮೂರಲ್ಲಿ ಏನಂತಾರೆ?
"ಎದುರಿಗೆ ಸಾಬ್ ಅಂತೇವೆ, ಬೆನ್ನು ತಿರುಗಿದರೆ ನಗುತ್ತೇವೆ.
ಎಷ್ಟು ಹೊಸತೋ ಅಷ್ಟು ಬೇಗ ಬೀಳುತ್ತಾರೆ.
ಟೇಪು ಸುತ್ತಿದ ಕೈಗವಸಿನವನು ಬಂದರೆ
ಕೇಳದೆಯೇ ಚಹಾ.
ಹಿಮ ಬೀಳದ ವರ್ಷ
ಯಾರನ್ನು ಕಂಡರೂ ನಗು ಬರುವುದಿಲ್ಲ."
ಉಗ್ಗಪ್ಪಣ್ಣ ಸೈಕಲ್ ಟ್ಯೂಬಿನ ತೇಪೆಯ ಕೈಗವಸನ್ನು
ಮೆಲ್ಲನೆ ಮೇಜಿನ ಮೇಲಿಟ್ಟ.
ನಾನು ಚಹಾಕ್ಕೆ ಹೇಳಿದೆ.

ನೀನು ಜಾರಿದ್ದೀಯಾ?
"ಬಾಡಿಗೆ ಅಂಗಡಿಯಲ್ಲಿ ಕಾಲಿನ ಅಳತೆ ತೆಗೆಯುತ್ತಿದ್ದೆ.
ನಾಲ್ಕು ಚಳಿಗಾಲ. ಊರೂರಿನ ಪಾದ,
ಸಂಜೆ ಬೂಟಿನೊಳಗಿನ ಬೆವರು ಒರೆಸುವುದು.
ನನ್ನ ಅಳತೆ ಏಳು.
ಏಳು ಯಾವಾಗಲೂ ಹೊರಗೇ ಇರುತ್ತಿತ್ತು."

ಆ ರಾತ್ರಿ ಬೋಟು ತಡವಾಯಿತು.
ಪುಡಿಮಾಡಿದ ಐಸು ಅಂಗಳದಲ್ಲಿ ಆಳೆತ್ತರ,
ಟ್ಯೂಬ್‌ಲೈಟಿನಡಿ ಹೊಗೆಯಾಡುತ್ತಿತ್ತು.
ದರ್ಬಾನ್ ಮೀನಿನ ಪೆಟ್ಟಿಗೆಯ ಎರಡು ಪಟ್ಟಿ ಕಿತ್ತ,
ಬಲೆಯ ಹುರಿಯಲ್ಲಿ ಚಪ್ಪಲಿಗೆ ಬಿಗಿದ.
ಉಗ್ಗಪ್ಪಣ್ಣ ಜಾಕೆಟ್ ಕಳಚಿದ. "ಬಾಡಿಗೆ ಹತ್ತು ರೂಪಾಯಿ."
ಕೊಟ್ಟ. ತೊಟ್ಟ. ಹತ್ತಿದ.
ಮೂರೇ ಮಾರು ಇಳಿಜಾರು. ಕೈ ಎರಡೂ ಅಗಲಿಸಿ
ಬಾಯಿ ತೆರೆದು, ಸದ್ದಿಲ್ಲದೆ
ಬಂಗುಡೆ ಬುಟ್ಟಿಗಳ ನಡುವೆ ಬಂದು ಬಿದ್ದ.
ಕೆಳಗೆ ಬರಿಮೈಯಲ್ಲಿ ನಡುಗುತ್ತ ನಿಂತವನು
ಕೈ ಚಾಚಿ ಕೇಳಿದ: "ಟಿಕೇಟು?"
ಅವನು ಜಿಪ್ಪು ಹಿಡಿದು ತೋರಿಸಿದ.

ಪುಸ್ತಕದಲ್ಲಿ ಬರೆದೆ: ನಷ್ಟ, ಅರ್ಧ ಬ್ಲಾಕು.
ಕಾರಣ: ಬಿಸಿಲು.
ಗಂಟೆ ರಾತ್ರಿ ಒಂಬತ್ತೂವರೆ.